ಸೆಟ್ಟಿಂಗ್ ಕಾಲಮ್ಮಿನ ಸೊನ್ನೆ

ಟಣ್. ತುಸು ಹೊತ್ತು ಬಿಟ್ಟು ಮತ್ತೆ ಟಣ್.

ಮಹಡಿಯ ಆಫೀಸಿನಲ್ಲಿ ಒಬ್ಬಳೇ ಕೂತಿದ್ದ ಪಂಕಜಾ ಕ್ಯಾಲ್ಕುಲೇಟರಿನಿಂದ ಬೆರಳೆತ್ತಿದಳು. ಒಂಬತ್ತು ಹತ್ತು. ಪೀಣ್ಯದ ಆ ಸಣ್ಣ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಇರಲಿಲ್ಲ. ವಾಚ್‌ಮನ್ ಪರಮಾನಂದ ಗೇಟಿನಾಚೆ ಫೋನಿನಲ್ಲಿ ಮಾತಾಡುತ್ತಿದ್ದ.

ಬೆಳಗಾದರೆ ಹೊಸ ವರ್ಷದ ಬಜೆಟ್ ಕೊಡಬೇಕು. ಅದರೊಂದಿಗೆ ಶ್ಯಾಮಣ್ಣನ ಜಾಗಕ್ಕೆ ಬಂದ ದೇವರಾಜನ ಕೆಲಸವೂ ಹೋಗುತ್ತದೆ. ಕಬ್ಬಿಣ ಕಡೆಯುವ ಮೂರನೇ ಲೇತಿನಲ್ಲಿ ಒಂದು ಲಾಟ್ ಬಿಡಿಭಾಗ ಮುಗಿಸಲು ಶ್ಯಾಮಣ್ಣ ಮೂರು ಗಂಟೆ ತೆಗೆದುಕೊಳ್ಳುತ್ತಿದ್ದ. ದೇವರಾಜನಿಗೆ ಎಪ್ಪತ್ತು ನಿಮಿಷ ಹೆಚ್ಚು ಬೇಕು. ಮಾಲೀಕ ವಾದಿರಾಜರು ಸಂಜೆ ಹಾಳೆ ನೋಡಿ ಹೇಳಿದ್ದರು: "ನಿಮ್ಮ ಲೆಕ್ಕಾನೇ ಹೇಳ್ತಿದೆಯಲ್ಲ ಮೇಡಂ. ನಾಳೆ ಅವನ ಲೆಕ್ಕಾನೂ ಚುಕ್ತಾ ಮಾಡ್ಬಿಡಿ."

ಟಣ್.

ಅವಳಿಗೆ ಆ ಸದ್ದಿನ ಪರಿಚಯವಿತ್ತು. ಲೇತಿಗೆ ಕಚ್ಚಿಸಿದ ಕಬ್ಬಿಣ ನಡುಮಧ್ಯಕ್ಕೆ ಬರಲೆಂದು ತಾಮ್ರದ ಸುತ್ತಿಗೆಯಿಂದ ಮೆಲ್ಲನೆ ತಟ್ಟುವ ಸದ್ದು. ಒಮ್ಮೆ ತಟ್ಟಿ, ಉಸಿರು ಹಿಡಿದು ಕಾಯುವ ಆ ರೀತಿ ಶ್ಯಾಮಣ್ಣನದು. ಅವನು ತೀರಿಕೊಂಡು ಮೂರು ತಿಂಗಳಾಗಿತ್ತು.

ಮೆಟ್ಟಿಲ ಮೇಲೆ ನಿಂತು ಮೊಬೈಲಿನ ಬೆಳಕು ಬಿಟ್ಟಳು. ಮೂರನೇ ಲೇತಿನ ಬಳಿ ಯಾರೂ ಇಲ್ಲ. ಸದ್ದು ನಿಂತಿತು. ಬೆಳಕು ಆರಿಸಿದೊಡನೆ ಮತ್ತೆ ಟಣ್.

ಆಫೀಸಿಗೆ ಮರಳಿದಳು. ಬಾಗಿಲಿಗೆ ಚಿಲಕ ಹಾಕಿ ಗಡಿಯಾರ ನೋಡುತ್ತ ಕೂತಳು. ಹತ್ತು ಇಪ್ಪತ್ತಕ್ಕೆ ಸದ್ದು ಪೂರ್ತಿ ನಿಂತಿತು. ಎಪ್ಪತ್ತು ನಿಮಿಷ.

ಶ್ಯಾಮಣ್ಣನ ಹಳೆಯ ಜಾಬ್ ಕಾರ್ಡುಗಳನ್ನು ತೆಗೆದಳು. ಪ್ರತಿಯೊಂದರಲ್ಲೂ ಸೆಟ್ಟಿಂಗ್ ಸಮಯ, ಅಂದರೆ ಕಬ್ಬಿಣ ಕಚ್ಚಿಸಿ ಲೇತ್ ಅಣಿಮಾಡುವ ಹೊತ್ತು, ಸೊನ್ನೆ. ಬರೆದದ್ದು ಅವಳೇ. ಎಂಟಕ್ಕೆ ಪಾಳಿ ಶುರುವಾದರೆ ಅವನು ಮಾಕಳಿಯಿಂದ ಆರೂವರೆಗೇ ಬಂದು ಸೆಟ್ಟಿಂಗ್ ಮುಗಿಸಿಡುತ್ತಿದ್ದ. ಎಷ್ಟು ಹೊತ್ತು ಬರೆಯಲಿ ಎಂದು ಅವಳು ಕೇಳಿದ್ದಕ್ಕೆ ನಕ್ಕಿದ್ದ: "ಮಿಸಿನ್ನು ನಿದ್ದೆಯಿಂದ ಎದ್ದೇಳಾದ್ಕೂ ಲೆಕ್ಕ ಮಡೀಕಂತಾರೇನವ್ವ? ಅಂಗೇ ಬುಡು."

ಅವಳು ಹಾಗೇ ಬಿಟ್ಟಿದ್ದಳು. ಹನ್ನೊಂದು ವರ್ಷ ಅವನು ಕೂಲಿಯಿಲ್ಲದೆ ಕೊಟ್ಟ ಬೆಳಗುಗಳ ಮೇಲೆ ಅವಳ ದರಪಟ್ಟಿ ನಿಂತಿತ್ತು. ದೇವರಾಜ ನಿಧಾನಿಯಲ್ಲ. ಎಂಟಕ್ಕೆ ಬಂದು ಸೆಟ್ಟಿಂಗ್ ಮಾಡುತ್ತಾನೆ, ಅಷ್ಟೇ.

ಬಜೆಟ್ ಹಾಳೆಯ ಸೆಟ್ಟಿಂಗ್ ಕಾಲಮ್ಮಿನಲ್ಲಿ ಸೊನ್ನೆಯನ್ನು ಹೊಡೆದು ಎಪ್ಪತ್ತು ಬರೆದಳು.

ಬೆಳಿಗ್ಗೆ ವಾದಿರಾಜರು ಹಾಳೆಯನ್ನು ಎರಡು ಸಲ ತಿರುವಿದರು. ಈ ದರಕ್ಕೆ ಗಿರಾಕಿ ಒಪ್ಪುತ್ತಾನೋ ಇಲ್ಲವೋ ಎಂದು ಗೊಣಗಿದರು. ತಪ್ಪು ತನ್ನದೇ, ಹಳೆಯ ಕಾರ್ಡುಗಳಲ್ಲಿ ಸಿಕ್ಕಿತು ಎಂದಳು ಪಂಕಜಾ. ಅವರು ಸಹಿ ಹಾಕಿದರು. ದೇವರಾಜ ಉಳಿದುಕೊಂಡ.

ಕೆಳಗಿಳಿದಾಗ ಅವನು ಮೂರನೇ ಲೇತಿನ ಮುಂದೆ ತಲೆ ಕೆರೆದುಕೊಳ್ಳುತ್ತಿದ್ದ.

"ಮೇಡಂ, ನಿನ್ನೆ ಖಾಲಿ ಬಿಟ್ಟೋಗಿದ್ದೆ. ಯಾರೋ ಕಬ್ಬಿಣ ಕಚ್ಚಿಸಿ ಸೆಟ್ಟಿಂಗ್ ಮಾಡಿಟ್ಟವ್ರೆ. ತಿರುಗಿಸಿದ್ರೂ ಗೇಜಿನ ಮುಳ್ಳು ಕೂದಲೆಳೆಯಷ್ಟೂ ಅಲ್ಲಾಡ್ತಿಲ್ಲ, ಅಷ್ಟು ನಡುಮಧ್ಯಕ್ಕಿದೆ. ರಾತ್ರಿ ನೀವಿದ್ರಲ್ಲ, ಯಾರು ಬಂದಿದ್ರು?"

ತಾಮ್ರದ ಸುತ್ತಿಗೆ ಶ್ಯಾಮಣ್ಣ ಇಡುತ್ತಿದ್ದಂತೆಯೇ, ಮಡಚಿದ ಬಟ್ಟೆಯ ಮೇಲಿತ್ತು.

ರಾತ್ರಿಯ ಸದ್ದಿನ ವಿಷಯ ಹೇಳಿದರೆ ನಾಳೆಯಿಂದ ಈ ಹುಡುಗ ಲೇತ್ ಮುಟ್ಟುವುದಿಲ್ಲ. ವಾದಿರಾಜರೋ, ಸೆಟ್ಟಿಂಗ್ ಪುಕ್ಕಟೆ ಆಗುತ್ತಿದೆಯೆಂದು ಸೊನ್ನೆಯನ್ನೇ ವಾಪಸು ಬರೆಸಿಯಾರು.

"ಯಾರೂ ಇರ್ಲಿಲ್ಲಪ್ಪ" ಎಂದಳು. ಇನ್ನು ಯಾರು ಕೇಳಿದರೂ ಅಷ್ಟೇ ಹೇಳುವುದೆಂದು ಗಟ್ಟಿ ಮಾಡಿಕೊಂಡು, ದೇವರಾಜನ ಅಂದಿನ ಕಾರ್ಡಿನಲ್ಲಿ ಸೆಟ್ಟಿಂಗ್ ಎಪ್ಪತ್ತು ನಿಮಿಷ ಎಂದು ಬರೆದಳು.