ಉಬ್ಬಿದ ಬಿಳಿ ಚುಕ್ಕೆ

ಕೆಂಪು ಬಿಲ್ಲೆ ಸ್ವಲ್ಪ ವಾಲಿದೆ, ಯಾರೋ ಅವಸರದಲ್ಲಿ ಅಂಟಿಸಿರಬೇಕು, ಯಾರೋ ಏನು ಬಂತು, ತಾನೇ, ಬೆಳಗ್ಗೆ ಮಾವನ ಕುರ್ಚಿಯಲ್ಲಿ ಕೂತ ಕೂಡಲೇ ಅಂಟಿಸಿದ್ದಲ್ಲ — ಲಾರಿ ಆಫೀಸಿನ ಗೋಡೆಯಗಲದ ಕಬ್ಬಿಣದ ಹಲಗೆ, ಲಾರಿಗೊಂದು ಬಣ್ಣದ ಪಟ್ಟಿ, ಕಂಟೇನರಿಗೊಂದು ಅಯಸ್ಕಾಂತದ ಬಿಲ್ಲೆ, ಬಿಲ್ಲೆಯ ತುದಿಯಲ್ಲಿ ಉಬ್ಬಿದ ಬಿಳಿ ಚುಕ್ಕೆ. ಚುಕ್ಕೆಯಿರುವ ಕಡೆ ಬಾಗಿಲು, ಬಾಗಿಲು ಲಾರಿಯ ಹಿಂಭಾಗಕ್ಕೇ ಬರಬೇಕು, ಅಪ್ಪಿತಪ್ಪಿ ಕ್ಯಾಬಿನ್ ಕಡೆ ತಿರುಗಿತೋ ಗೋದಾಮಿನೆದುರು ನಿಂತು ಬಾಯಿ ಬಾಯಿ ಬಿಡಬೇಕು, ಅಲ್ಲಿ ಅದನ್ನು ಎತ್ತಿ ತಿರುಗಿಸಲು ಕ್ರೇನು ಎಲ್ಲಿಂದ ತರುವುದು. ಅದರಲ್ಲೂ ಈ ಕೆಂಪು ಬಿಲ್ಲೆ, ಕಿಡ್ನಿ ರೋಗಿಗಳ ಡಯಾಲಿಸಿಸ್‌ಗೆ ಬೇಕಾದ ದ್ರಾವಣ, ಸಂಜೆ ಗೋದಾಮು ಮುಚ್ಚುವುದರೊಳಗೆ ಇಳಿಯಲೇಬೇಕು, ನಾಳೆಗೆ ನಮ್ಮತ್ರ ಒಂದು ಡಬ್ಬನೂ ಇಲ್ಲಮ್ಮ ಎಂದಿದ್ದರು ಆಸ್ಪತ್ರೆಯವರು, ಮಾವ ಇನ್ನೊಂದು ಆಸ್ಪತ್ರೆಯಲ್ಲಿ ಕಣ್ಣಿನ ಆಪರೇಷನ್ನಿಗೆ ಮಲಗಿರುವ ದಿನವೇ ಇದು ಬರಬೇಕೇ, ಹಲಗೆ ಇವತ್ತು ನಿಂದು ಕಣಮ್ಮ ಎಂದು ಕುರ್ಚಿ ಎಳೆದುಕೊಟ್ಟು ಹೋದರಲ್ಲ, ಎಷ್ಟು ಧೈರ್ಯ ಅವರಿಗೆ, ತನಗೇ ತನ್ನ ಮೇಲೆ ಇಲ್ಲದ್ದು. ಪಕ್ಕದ ಮೇಜಿನಲ್ಲಿ ಅತ್ತೆ, ಫೋನು ಕಿವಿಗೂ ಭುಜಕ್ಕೂ ನಡುವೆ, ಗೇರ್‌ಬಾಕ್ಸ್ ಕೈ ಕೊಟ್ರೆ ನೀನ್ಯಾಕಪ್ಪ ಅಳ್ತೀಯ, ಊಟ ಆಯ್ತಾ ಮೊದ್ಲು ಹೇಳು — ಆ ಕಡೆ ಹಾರನ್, ಜನ್ಮದಲ್ಲಿ ಹಾರನ್ ಒತ್ತದ ಡ್ರೈವರಿಗೆ ಈ ಮನೆಯವರು ಇಟ್ಟ ಹೆಸರು — ಅವನ ಲಾರಿ ಆ ಕೆಂಪು ಬಿಲ್ಲೆಯ ಕಂಟೇನರ್ ಹೇರಿಕೊಂಡು ಯಾರ್ಡಿನಲ್ಲೇ ಕೆಟ್ಟು ನಿಂತಿದೆ. ಮಾತು ಅವನ ಜೊತೆ, ಬೆರಳು ಮಾತ್ರ ಆಗಲೇ ಹಲಗೆಯ ನೀಲಿ ಪಟ್ಟಿಯತ್ತ ತೋರಿಸುತ್ತಿದೆ, ನೀಲಿ ಲಾರಿ ಖಾಲಿ, ಹೌದಲ್ಲ, ತನಗೆ ಹೊಳೆಯುವ ಮುಂಚೆಯೇ ಸ್ಪೀಕರಿನಲ್ಲಿ ಯಾರ್ಡಿನಿಂದ ಭಾವನ ದನಿ, ನೀಲಿಯನ್ನ ಹಿಂದಿನ ಗೇಟಿಂದ ಒಳಗೆ ಕರೆಸ್ದೆ ಕಣಮ್ಮ, ಕ್ರೇನೂ ಬಂತು, ಇನ್ನು ಗೇಟ್ ಪಾಸು ಬದಲಿಸಬೇಕೆಂದು ಗಂಡನಿಗೆ ಫೋನು ಮಾಡಿದರೆ ಕಣ್ಣಾಸ್ಪತ್ರೆಯ ವರಾಂಡದಲ್ಲಿ ಕೂತೇ ಬದಲಿಸಿದ್ದಾನೆ, ಅಣ್ಣ ಹೇಳ್ದ, ಆಗ್ಲೇ ಮಾಡಿದೆ, ಅಪ್ಪನ್ನ ಒಳಗೆ ಕರ್ಕೊಂಡು ಹೋದ್ರು. ಎಂಥ ಜನ ಇವರು, ಒಬ್ಬರು ಬಾಯಿ ತೆರೆಯುವಷ್ಟರಲ್ಲಿ ಇನ್ನೊಬ್ಬರು ಮಾಡಿ ಮುಗಿಸಿರುತ್ತಾರೆ, ನೋಡುತ್ತಿದ್ದರೆ ಹೊಟ್ಟೆ ತುಂಬುತ್ತದೆ.

ಆದರೆ ಕೂಗುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ಇವರಿಗೆಲ್ಲ ಕಿವಿ ಮಂದವೇನೋ ಅಂದುಕೊಂಡಿದ್ದಳು, ಇಷ್ಟಗಲದ ಕೋಣೆ, ಒಂದು ಬಿಲ್ಲೆ ಸರಿಸಿದರೂ ಸಾಕು, ಇಂಥ ಕಂಟೇನರ್, ಇಂಥ ಲಾರಿಗೆ, ಬಾಗಿಲು? ಎಂದು ಗಂಟಲು ಹರಿಯುವಂತೆ ಕೂಗಬೇಕು, ಮೇಜಿನ ಮೇಲೆ ಸದಾ ತೆರೆದಿರುವ ಸ್ಪೀಕರಿನಿಂದ ಯಾರ್ಡಿನವರು ಹಿಂದೆ! ಎನ್ನಬೇಕು, ಆಮೇಲೆಯೇ ಕೈ ಬಿಡಬೇಕು, ಒಮ್ಮೆ ಊಟಕ್ಕೆ ಕೂತಾಗ ಸಾರಿನ ಪಾತ್ರೆ ಮುಂದೆ ತಳ್ಳಿ ಬಾಗಿಲು? ಎಂದುಬಿಟ್ಟಿದ್ದಳು, ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತ್ತು, ಎಲ್ಲರಿಗಿಂತ ಜೋರಾಗಿ ಮಾವ. ಯಾಕೆ ಹೀಗೆ ಎಂದರೆ ಗಂಡ, ನಮ್ಮನೇಲಿ ಹಾಗೇ ಕಣೆ. ಬೆಳಗ್ಗೆ ಡಾಕ್ಟರು ಕೇಳಿದರಂತೆ, ಎರಡೂ ಕಣ್ಣಲ್ಲಿ ಪೊರೆ ಇಷ್ಟು ಬಲಿತಿದೆ, ಎದುರಿನ ಗೋಡೆ ಕಾಣೋದೂ ಅನುಮಾನ, ಇಷ್ಟು ದಿನ ಹೇಗ್ರೀ ಕೆಲಸ ಮಾಡಿದ್ರಿ? ಗಂಡ ಫೋನಿನಲ್ಲಿ ಅದನ್ನು ಹೇಳುತ್ತಿದ್ದಂತೆ ಇಲ್ಲಿ ಅತ್ತೆ ಮೇಜಿನ ಡ್ರಾಯರನ್ನು ಮೆಲ್ಲಗೆ ಮುಚ್ಚಿದರು, ಆಗ ಅವಳಿಗೆ ಎಲ್ಲ ಅರ್ಥವಾಯಿತು, ಕೂಗುತ್ತಿದ್ದದ್ದು ಕಿವಿಗಲ್ಲ, ಮಾವನ ಕಣ್ಣಿಗೆ. ಬೆರಳಿಗೆಂದೂ ಬಣ್ಣ ಹಚ್ಚದ ಅತ್ತೆಯ ಮೇಜಿನ ಡ್ರಾಯರಿನಲ್ಲಿ ಬಿಳಿ ನೇಲ್ ಪಾಲಿಶ್ ಇರುವುದು ಇದಕ್ಕೇ, ಚುಕ್ಕೆಯ ಮೇಲೆ ಚುಕ್ಕೆ, ಹೆಬ್ಬೆರಳಿಗೆ ಸಿಗುವಷ್ಟು ಉಬ್ಬು, ಯಾರೂ ಯಾರಿಗೂ ಹೇಳಿಕೊಂಡಿಲ್ಲ, ಅತ್ತೆ ಮಾವ ಕೂಡ — ಅಳುವ ಹೊತ್ತಲ್ಲ ಇದು, ಕೆಂಪು ಬಿಲ್ಲೆ ಎತ್ತಿ ನೀಲಿ ಪಟ್ಟಿಗೆ ಅಂಟಿಸಿ, ಹೆಬ್ಬೆರಳನ್ನು ಚುಕ್ಕೆಯ ಮೇಲಿಟ್ಟು ಕೂಗಿದಳು, ಔಷಧಿ, ನೀಲಿ ಲಾರಿಗೆ, ಬಾಗಿಲು?

ಸ್ಪೀಕರಿನಲ್ಲಿ ಕ್ರೇನಿನ ಗರಗರ, ಯಾರದೋ ಸಿಳ್ಳೆ. ಬಾಗಿಲು, ಭಾವ? ಅಯ್ಯೋ, ಎನ್ನುತ್ತಾರೆ ಭಾವ, ಹಿಂದಿನ ಗೇಟಿಂದ ಬಂದು ಈ ಲಾರಿ ಉಲ್ಟಾ ನಿಂತಿದೆ ಕಣಮ್ಮ, ಬಾಗಿಲು ಮುಂದಿದೆ, ಎತ್ತಪ್ಪಾ ಎತ್ತು, ತಿರುಗಿಸು! ಅತ್ತೆ ಎದ್ದು ನಿಂತಿದ್ದಾರೆ, ಅವಳ ಹೆಬ್ಬೆರಳು ಬಿಲ್ಲೆಯಿಂದ ಕದಲಿಲ್ಲ, ಕದಲಿದರೆ ಅಲ್ಲಿ ಕಂಟೇನರ್ ಬಿದ್ದೇ ಹೋಗುತ್ತದೇನೋ ಎಂಬಂತೆ, ಆಮೇಲೆ ಭಾವನ ಉಸಿರು, ಆಮೇಲೆ ದನಿ, ಹಿಂದೆ! ಲಾರಿ ಹೊರಟಿತು.

ಗೋದಾಮಿನಿಂದ ಇಳಿಸಿಕೊಂಡೆವೆಂದು ಫೋನು ಬಂದಾಗ ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ನಾಳೆ ಮಾವ ಬರುತ್ತಾರೆ, ಕಣ್ಣು ಬಿಟ್ಟು ನೋಡುತ್ತಾರೆ, ಈ ಉಬ್ಬು ಕಂಡರೆ ಏನೆಂದುಕೊಂಡಾರು, ಮನಸ್ಸು ನೊಂದೀತು — ಅತ್ತೆಯೂ ಅದನ್ನೇ ಯೋಚಿಸಿದ್ದರು, ಬ್ಲೇಡು ಹಿಡಿದು ಹಲಗೆಯ ಹತ್ತಿರ ಬಂದರು, ಅಷ್ಟರಲ್ಲಿ ಗಂಡನ ಫೋನು, ಅಪ್ಪ ಚೆನ್ನಾಗಿದಾರೆ, ಕಣ್ಣಿಗೆ ಪಟ್ಟಿ ಕಟ್ಟಿದಾರೆ, ಒಂದೇ ಮಾತು ಹೇಳಿದ್ರು, ಆ ಚುಕ್ಕೆಗಳನ್ನ ಕೆರೆದುಬಿಡ್ಬೇಡ ಅನ್ನು ನಿಮ್ಮಮ್ಮಂಗೆ, ಇಷ್ಟು ದಿನ ಮುಟ್ಟಿದ್ದಷ್ಟೇ, ಒಂದ್ಸಲ ನೋಡ್ಬೇಕು. ಅತ್ತೆಯ ಕೈಯಲ್ಲಿ ಬ್ಲೇಡು ಹಾಗೇ, ಹಲಗೆಯ ಮೇಲೆ ಕೆಂಪು ಬಿಲ್ಲೆ, ತುದಿಯಲ್ಲಿ ಚುಕ್ಕೆ, ಉಬ್ಬಿದ ಬಿಳಿ ಚುಕ್ಕೆ.