ಬೀಗರ ಹಾಡಿನ ಮೊಣಕೈ

ಆ ಮೊಣಕೈಯನ್ನು ಬೈಯದವರು ಹಾನಗಲ್ಲಿನಲ್ಲಿ ಯಾರಿದ್ದರು ಹೇಳಿ? ಶಿಗ್ಗಾವಿ, ಸವಣೂರು, ಹಿರೇಕೆರೂರಿನಲ್ಲೂ ಇರಲಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಆಡೂರಿನ ಮದುವೆಯೊಂದರಲ್ಲಿ ಹೆಣ್ಣುಮಕ್ಕಳ ಮೇಳ ಬೀಗರನ್ನು ಹಾಡಿನಲ್ಲೇ ಹಿಗ್ಗಾಮುಗ್ಗಾ ಜಾಡಿಸಿತ್ತು. ಬಂದೇಸಾಬ ಅದನ್ನು ವಿಡಿಯೋ ಮಾಡಿದ್ದ. ಕೇಬಲ್ಲಿನವರು ಆ ಕ್ಯಾಸೆಟ್ಟನ್ನು ದಿನಾ ಹಾಕಿ ಹಾಕಿ, ಯಾವ ಮನೆಗೆ ಹೋದರೂ ಹುಡುಗರು ಬೀಗರ ಮೀಸೆಯ ಹಾಡನ್ನೇ ಗುನುಗುತ್ತಿದ್ದರು. ಪರದೆಯ ತುಂಬ ಮದುವೆ ಮನೆಯ ಯಜಮಾನಿ ಸರೋಜವ್ವನ ಮುಖ. ಆದರೆ ಧ್ವನಿ ಮೇಲೇರಿ ಕೇಳುವವರ ಮೈ ಜುಮ್ಮೆನ್ನುವ ಹೊತ್ತಿಗೆ ಸರಿಯಾಗಿ, ಚೇಳಿನ ಹಚ್ಚೆಯಿದ್ದ ಮೊಣಕೈಯೊಂದು ಅಡ್ಡ ಬಂದು ಆ ಮುಖವನ್ನು ಮುಚ್ಚಿಬಿಡುತ್ತಿತ್ತು. ಯಾವಾಕೀದೋ ಏನೋ ಹಾಳು ಕೈ ಎಂದು ಜನ ಹಲ್ಲು ಕಡಿಯುತ್ತಿದ್ದರು.

ಮೊಣಕೈ ಮೇಳದ ಉಡಚವ್ವನದು. ಧ್ವನಿಯೂ ಅವಳದೇ.

ಸ್ವರ ಏರಿಸುವಾಗ ಅಂಗೈಯನ್ನು ಕಿವಿಗೆ ಒತ್ತಿಕೊಳ್ಳುವುದು ಅವಳ ರೂಢಿ. ಯಾರ ಮನೆಯ ಮದುವೆಯೋ ಮಗ್ಗುಲಿಗೆ ನಿಂತು ಅವರ ಮುಖದ ಮೇಲೆಯೇ ಕ್ಯಾಮರಾ ಹಿಡಿಯುವುದು ಬಂದೇಸಾಬನ ರೂಢಿ. ಸರೋಜವ್ವ ಆ ದಿನ ಜರಿಸೀರೆ ಉಟ್ಟು ಮೇಳದ ಮುಂದೆ, ಉಡಚವ್ವನ ಮೊಣಕೈ ತಾಗುವಷ್ಟು ಹತ್ತಿರ ಕುಳಿತು ಬರೇ ತುಟಿ ಅಲ್ಲಾಡಿಸಿದ್ದಳು. ಹಾಡಿದ್ದು ನಾನು ಎಂದು ಉಡಚವ್ವ ಮೊದಮೊದಲು ನಾಲ್ಕು ಜನರಿಗೆ ಹೇಳಿ ನೋಡಿದಳು. ಸರೋಜವ್ವಾರ ಕಂಠ ಎಲ್ಲಿ, ನೀ ಎಲ್ಲಿ ಎಂದು ಅವರು ನಕ್ಕರು. ಅಷ್ಟೇ, ಅಂದಿನಿಂದ ಅವಳು ಹಾಡಿಗೆ ಬಾಯಿ ತೆರೆಯಲಿಲ್ಲ, ಮೇಳವೂ ಮುರಿದುಬಿತ್ತು.

ಈಗ ಕ್ಯಾಸೆಟ್ಟಿಗೆ ಬೆಳ್ಳಿಹಬ್ಬವಂತೆ! ಹಾನಗಲ್ಲಿನ ಕಲ್ಯಾಣಮಂಟಪದಲ್ಲಿ ದೊಡ್ಡ ಪರದೆಯ ಮೇಲೆ ಅದನ್ನು ತೋರಿಸಿ, ಹಳೆಯ ಮೇಳವನ್ನು ಕೂಡಿಸಿ ಹಾಡಿಸುತ್ತಾರಂತೆ. ಊರ ತುಂಬ ಹಚ್ಚಿದ ಪೋಸ್ಟರುಗಳಲ್ಲಿ ಮತ್ತೆ ಸರೋಜವ್ವನದೇ ಮುಖ. ಈ ಸಲ ಮುಂದೆ ಕುಳಿತೇ ಹಾಡುವುದು, ಈ ಧ್ವನಿ ಯಾರದೆಂದು ಸಾಯುವ ಮೊದಲು ಜನಕ್ಕೆ ತಿಳಿಯಲೇಬೇಕು ಎಂದು ಉಡಚವ್ವ ಮನಸ್ಸು ಗಟ್ಟಿಮಾಡಿಕೊಂಡಳು.

ಹಿಂದಿನ ದಿನ ಮುಂಜಾನೆ ಸರೋಜವ್ವ ತಾನಾಗಿಯೇ ಅವಳ ಮನೆಗೆ ಬಂದಳು. ಬಂದವಳೇ ತನ್ನ ಗೋಳು ತೋಡಿಕೊಂಡಳು. ಎಲ್ಲಿ ಹೋದರೂ ಒಂದು ನುಡಿ ಹಾಡ್ರಿ ಎಂದು ಜನ ದುಂಬಾಲು ಬೀಳುತ್ತಾರೆ. ಗಂಟಲು ನೋವು ಎಂದು ಹೇಳಿ ಹೇಳಿ, ಮನೆಯವರೇ ಅವಳಿಗೆ ಮೊಸರು ಬಡಿಸುವುದನ್ನು ಬಿಟ್ಟಿದ್ದಾರೆ. ಐಸ್‌ಕ್ರೀಮ್ ಮುಟ್ಟಿ ಇಪ್ಪತ್ತೈದು ವರ್ಷವಾಯಿತು. ಕುಡಿದ ಮೆಣಸಿನ ಕಷಾಯಕ್ಕೆ ಲೆಕ್ಕವೇ ಇಲ್ಲ.

"ನಾಳೆ ಒಂದ ದಿನ ನನ್ನ ಹಿಂದ ಕುಂತು ಹಾಡಿಬಿಡವ್ವಾ," ಎಂದು ಬೇಡಿಕೊಂಡಳು.

ಉಡಚವ್ವನಿಗೆ ಸಿಟ್ಟೂ ಬಂತು, ನಗೆಯೂ ಬಂತು. "ಹಿಂದ ಕುಂದ್ರಂಗಿಲ್ರಿ, ಸರೋಜವ್ವಾರ. ಆವತ್ತ ಹಾಡಿದಾಕಿ ನಾನ ಅಂತ ನೀವ ಮೈಕಿನ್ಯಾಗ ಹೇಳ್ರಿ."

ಸರೋಜವ್ವ ದೊಡ್ಡ ನಿಟ್ಟುಸಿರುಬಿಟ್ಟು ಒಪ್ಪಿದಳು. ಮಾತಿಗೆ ತಪ್ಪಲೂ ಇಲ್ಲ. ಮರುದಿನ ಕಿಕ್ಕಿರಿದ ಮಂಟಪದಲ್ಲಿ ಪರದೆಯ ಮೇಲೆ ಕ್ಯಾಸೆಟ್ಟು ಮುಗಿದದ್ದೇ ತಡ, ಮೈಕು ಹಿಡಿದು ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಚಪ್ಪಾಳೆಯೋ ಚಪ್ಪಾಳೆ! ಎಂಥಾ ದೊಡ್ಡ ಮನಸ್ಸು, ತನ್ನ ಹೆಸರನ್ನೇ ಬಡವಿಗೆ ಬಿಟ್ಟುಕೊಡಾಕತ್ತಾಳ ಎಂದು ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು. ಸರೋಜವ್ವ ಕೈಮುಗಿದು ಅಲ್ರಪ್ಪಾ, ಅಲ್ರಪ್ಪಾ ಎಂದಷ್ಟೂ ಚಪ್ಪಾಳೆ ಜೋರಾಯಿತು.

ಉಡಚವ್ವ ಸರೋಜವ್ವನ ಮಗ್ಗುಲಿಗೇ ಮುಂದೆ ಕುಳಿತು, ಹಲ್ಲು ಕಚ್ಚಿಕೊಂಡು ಹಾಡು ಎತ್ತಿದಳು. ಅಬ್ಬಾ, ಸರೋಜವ್ವಾರ ಕಂಠಾನ ಥೇಟ್ ಹಂಗ ಕಲ್ತಾಳ ನೋಡು, ಕ್ಯಾಸೆಟ್ ನೋಡಿ ನೋಡಿ ಕಲ್ತಿರಬೇಕು ಎಂದು ಯಾರೋ ಮೆಚ್ಚಿಕೊಂಡಿದ್ದು ಅವಳ ಕಿವಿಗೇ ಬಿತ್ತು. ಅವಳ ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲೇ ಬೀಗರ ಮೀಸೆಯ ನುಡಿ ಹಿಡಿದು ಸ್ವರವನ್ನು ಮೇಲಕ್ಕೆ ಎಳೆದಳು. ಕೈ ತನ್ನಷ್ಟಕ್ಕೆ ತಾನೇ ಕಿವಿಗೆ ಹೋಯಿತು.

ಗಡ್ಡ ನೆರೆತಿದ್ದರೂ ಬಂದೇಸಾಬನ ರೂಢಿ ಬದಲಾಗಿರಲಿಲ್ಲ. ಅವನ ಕ್ಯಾಮರಾ ಇವತ್ತೂ ಸರೋಜವ್ವನ ಮುಖದ ಮೇಲೆಯೇ ಇತ್ತು, ಆ ಚಿತ್ರವೇ ಆಗಿಂದಾಗಲೇ ದೊಡ್ಡ ಪರದೆಯ ಮೇಲೆ ಕಾಣುತ್ತಿತ್ತು. ಧ್ವನಿ ಏರಿದ ಆ ಗಳಿಗೆಗೆ ಸರಿಯಾಗಿ ಗೋಡೆಯಗಲದ ಮೊಣಕೈಯೊಂದು ಅಡ್ಡ ಬಂತು. ತೊಗಲು ಸುಕ್ಕಾಗಿತ್ತು. ಚೇಳು ಮಾತ್ರ ಹಾಗೇ ಇತ್ತು.

ಅದೇ ಕೈ, ಅದೇ ಜಾಗ, ಅದೇ ಸ್ವರ. ಮೇಳದ ಹಿರಿಯಳು ಅಡಿವೆವ್ವ ಕುಳಿತಲ್ಲಿಂದಲೇ ಮೈಕಿಗೆ ಬಾಗಿದಳು. "ಈಗರ ತಿಳೀತೇನ್ರಿ? ಕಿವಿಗೆ ಕೈ ಹಚ್ಚಿದಾಕೀನ ಹಾಡಿದಾಕಿ."

ಜನ ಎದ್ದು ನಿಂತರು. ಬಂದೇಸಾಬ ತಬ್ಬಿಬ್ಬಾಗಿ ಕ್ಯಾಮರಾ ತಿರುಗಿಸಿದ. ತನ್ನ ಮುಖ ಅಷ್ಟು ದೊಡ್ಡದಾಗಿ ಕಂಡದ್ದೇ ಉಡಚವ್ವನಿಗೆ ಮುಂದಿನ ನುಡಿ ಮರೆತುಹೋಯಿತು, ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಮೊದಲಿನಿಂದ ಹಾಡಿದಳು.

ಕಾರ್ಯಕ್ರಮ ಮುಗಿದ ಮೇಲೆ ಸರೋಜವ್ವ ಎಲ್ಲರೆದುರೇ ವೇದಿಕೆಯ ಮೆಟ್ಟಿಲ ಮೇಲೆ ಕುಳಿತು ಎರಡನೇ ಐಸ್‌ಕ್ರೀಮ್ ತಿನ್ನುತ್ತಿದ್ದಳು. ಉಡಚವ್ವನ ಸುತ್ತ ಹುಡುಗಿಯರು ಮೊಬೈಲು ಹಿಡಿದು ಮುಗಿಬಿದ್ದಿದ್ದರು. ಒಬ್ಬೊಬ್ಬಳದೂ ಒಂದೇ ಬೇಡಿಕೆ, ಫೋಟೋಕ್ಕೆ ಮೊಣಕೈ ಎತ್ತಬೇಕಂತೆ.

ಉಡಚವ್ವ ಸೆರಗೆಳೆದು ಚೇಳನ್ನು ಮುಚ್ಚಿಕೊಂಡಳು.

"ಮೊದಲ ನನ್ನ ಮಾರಿ ತಗೀರವ್ವಾ," ಎಂದಳು. "ಮೊಣಕೈ ಇಪ್ಪತ್ತೈದು ವರ್ಷ ನೋಡೀರಿ."