ರೂಬಿ ಕೂತ ಜಾಗ

“ನಾಯೀನ ಇಳಸ್ರಿ. ಇಲ್ಲಾಂದ್ರ ಗಾಡಿ ಬಿಡೂದಿಲ್ಲ,” ಎಂದು ಕಂಡಕ್ಟರ್ ಮೂರನೆಯ ಸಲ ಹೇಳಿದ.

ಬೈಲಹೊಂಗಲದಿಂದ ಸವದತ್ತಿ ಮೇಲೆ ರಾಮದುರ್ಗಕ್ಕೆ ಹೊರಟ ಬೆಳಗಿನ ಬಸ್ಸಿನಲ್ಲಿ ಎಳ್ಳು ಹಾಕಿದರೆ ಎಳ್ಳು ಕೆಳಗೆ ಬೀಳದಷ್ಟು ಜನ. ಹಿಂದಿನ ಸೀಟಿನ ಮೂಲೆಯಲ್ಲಿ ಶಂಕ್ರೆಪ್ಪ ಎರಡೂ ಮೊಣಕಾಲ ನಡುವೆ ರೂಬಿಯನ್ನು ಒತ್ತಿ ಹಿಡಿದು ಕೂತಿದ್ದ. ಒಂದು ಕಾಲಕ್ಕೆ ನೋಡಿದವರ ಎದೆ ನಡುಗಿಸುವ ಅಲ್ಸೇಷಿಯನ್ ಅದು. ಈಗ ಮೂತಿ ಬೆಳ್ಳಗಾಗಿ, ಹಿಂಗಾಲು ಸೋತು, ಬಸ್ಸಿನ ಮೆಟ್ಟಿಲನ್ನೂ ಅವನೇ ಎತ್ತಿ ಹತ್ತಿಸಬೇಕಾಗಿತ್ತು.

“ಇದು ಮಿಲ್ಟ್ರಿ ನಾಯಿರೀ,” ಎಂದು ಶಂಕ್ರೆಪ್ಪ ಅದರ ಕಿವಿ ಮಗುಚಿ ಹಚ್ಚೆ ತೋರಿಸಿದ. “ನಂಬರ ಐತಿ ನೋಡ್ರಿ.”

“ನಂಬರ ನಮ್ಮ ಗಾಡಿಗೂ ಐತಿ. ಹಂಗಂತ ಅದನ್ನೇನ ಮಿಲ್ಟ್ರಿಗೆ ಕಳಿಸೇವೇನು?”

ಬಸ್ಸೆಲ್ಲ ನಕ್ಕಿತು. ಶಂಕ್ರೆಪ್ಪ ನಗಲಿಲ್ಲ, ಇಳಿಯಲೂ ಇಲ್ಲ. ಕಡೆಗೆ ಬುಟ್ಟಿಯಲ್ಲಿ ಕೋಳಿ ಇಟ್ಟುಕೊಂಡಿದ್ದ ಮುದುಕಿಯೊಬ್ಬಳು, “ನನ್ನ ಕೋಳೀಗೆ ಟಿಕೀಟ ಹರದಿ, ಅದಕ್ಕೂ ಒಂದ ಹರದ ಒಗಿಯೋ ಮಾರಾಯಾ. ಬಿಸಲ ಏರಾಕತ್ತೈತಿ,” ಎಂದಳು. ಕಂಡಕ್ಟರ್ ಗೊಣಗುತ್ತ ಟಿಕೀಟು ಹರಿದ. ಹೀಗೆ ರೂಬಿ ತನ್ನ ಕೊನೆಯ ಪ್ರಯಾಣವನ್ನು ಹಕ್ಕಿನಿಂದಲೇ ಮಾಡಿತು.

ಕೊನೆಯದು ಎಂದು ಹೇಳಿದವನು ದನದ ಡಾಕ್ಟರ್. “ಈ ಬ್ಯಾಸಗಿ ದಾಟೂದಿಲ್ಲ,” ಎಂದಿದ್ದ ಎಂಟು ದಿನದ ಹಿಂದೆ. ಶಂಕ್ರೆಪ್ಪ ಹೊರಟದ್ದು ಅದಕ್ಕೇ. ಹೂಲಿಯ ಆಚೆ ಹಳೇಮಡ್ಡಿಯಲ್ಲಿ ಲಗಮವ್ವ ಎಂಬ ಮುದುಕಿ ಇದ್ದಳು. ಅವಳ ಮಗ ಪರಪ್ಪ ಇವನೊಂದಿಗೆ ಪಲ್ಟನ್ನಿನಲ್ಲಿದ್ದು ಸತ್ತಿದ್ದ. ಅವಳಿಗೆ ಹೇಳಬೇಕಾದ ಮಾತೊಂದು ನಾಲ್ಕು ವರ್ಷದಿಂದ ಇವನ ಗಂಟಲಲ್ಲಿ ಕೊಳೆಯುತ್ತಿತ್ತು. ಬೈಲಹೊಂಗಲದಿಂದ ಹಳೇಮಡ್ಡಿಗೆ ನಲವತ್ತು ಮೈಲಿಯೂ ಇಲ್ಲ. ನಲವತ್ತು ಮೈಲಿಗೆ ನಾಲ್ಕು ವರ್ಷ ತೆಗೆದುಕೊಂಡ ಗಂಡಸನ್ನು ಹೇಡಿ ಎನ್ನದೆ ಇನ್ನೇನು ಎನ್ನೋಣ? ಅವನೂ ತನ್ನನ್ನು ಅದನ್ನೇ ಅಂದುಕೊಂಡಿದ್ದ. ನಾಯಿ ಬದುಕಿರುವಾಗ ಹೇಳಿದರೆ ಅದು ಮಾತು, ಸತ್ತ ಮೇಲೆ ಹೇಳಿದರೆ ಬರೀ ಕಥೆ. ಅಷ್ಟು ಮಾತ್ರ ಅವನಿಗೆ ತಿಳಿದಿತ್ತು.

ಎಪ್ಪತ್ತೊಂದರ ಯುದ್ಧ ಮುಗಿದ ಮೇಲೆ ಗಡಿಯ ಹೊಲಗಳಲ್ಲಿ ಹೂತಿದ್ದ ನೆಲಬಾಂಬುಗಳನ್ನು ತೆಗೆಯುವ ಕೆಲಸ ಬಂತು. ರೂಬಿ ಮುಂದೆ, ಅದರ ಹಗ್ಗ ಹಿಡಿದ ಶಂಕ್ರೆಪ್ಪ ಹಿಂದೆ, ಅವನ ಹಿಂದೆ ನೆಲ ಕೆದಕುವ ಪರಪ್ಪ. ಮದ್ದಿನ ವಾಸನೆ ಹತ್ತಿದರೆ ರೂಬಿ ಕೂತುಬಿಡುತ್ತಿತ್ತು. ಶಂಕ್ರೆಪ್ಪ ತಲೆ ಮುಟ್ಟಿ “ಶಾಬಾಶ್” ಎಂದು ಬಿಸ್ಕೀಟು ಕೊಡುವವರೆಗೆ ಏಳುತ್ತಿರಲಿಲ್ಲ. ಅವತ್ತು ಮುಂಜಾನೆಯಿಂದ ಮೂರು ಸಲ ಕೂತಿತ್ತು, ಮೂರು ಸಲವೂ ಸಿಕ್ಕಿದ್ದು ಹಾರಿಸಿದ ತೋಟಾಗಳ ಖಾಲಿ ಕೊಳವೆ. ಜವಾನರು ನಕ್ಕಿದ್ದರು. ನಾಲ್ಕನೆಯ ಸಲ ಕೂತಾಗ ಶಂಕ್ರೆಪ್ಪನಿಗೆ ಸಿಟ್ಟು ಬಂತು. ಹಗ್ಗ ಜಗ್ಗಿ ಎಬ್ಬಿಸಿ, ಹಿಂದೆ ತಿರುಗಿ, “ದಣದೈತಿ, ಅದಕ್ಕ ಕುಂತೈತಿ. ನೀ ಬಾ,” ಎಂದ. ಪರಪ್ಪ ಬಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅಲ್ಲಿ ಹೋದದ್ದು ಮುತ್ತಲ್ಲ.

ವಿಚಾರಣೆಯಲ್ಲಿ ಶಂಕ್ರೆಪ್ಪ, “ನಾಯಿ ಕೂರಲಿಲ್ಲ ಸಾಬ್,” ಎಂದ. ಮೂಗು ಸತ್ತ ನಾಯಿ ಎಂದು ಬರೆದುಕೊಂಡರು. ಅಂಥ ನಾಯಿಗೆ ಒಂದು ಗುಂಡು ಎಂದು ತೀರ್ಮಾನವಾದಾಗ ಇವನು ಸಾಹೇಬರ ಕಾಲು ಹಿಡಿದು ಅತ್ತ. ನಾಯಿಯ ಮೇಲಿನ ಇವನ ಪ್ರೀತಿಗೆ ಕರಗಿ ಅವರು, ಇವನು ನೌಕರಿ ಬಿಟ್ಟು ಬರುವಾಗ ರೂಬಿಯನ್ನು ಜೊತೆಗೆ ಕೊಟ್ಟರು. ಅದು ಪ್ರೀತಿಯಲ್ಲ ಎಂದು ಅವರಿಗೆ ಹೇಳುವವರು ಯಾರು?

ಅಂದಿನಿಂದ ರೂಬಿ ಮುಟ್ಟದ ಮಣ್ಣಿನ ಮೇಲೆ ಶಂಕ್ರೆಪ್ಪ ಕಾಲಿಟ್ಟಿಲ್ಲ. ಡಾಂಬರು, ಕಲ್ಲುಹಾಸು ನಡೆದೀತು. ಹಸಿ ಮಣ್ಣಾಗಲಿ ಒಣ ಮಣ್ಣಾಗಲಿ, ಬಯಲ ನೆಲ ಬಂದರೆ ನಾಯಿ ಮುಂದಾಗಬೇಕು, ಅದು ಊರಿದ ಕಡೆಯೇ ಇವನು ಊರಬೇಕು. ಎರಡು ಎಕರೆ ಎರೆ ಹೊಲ ಬೀಳು ಬಿತ್ತು. ಹೆಂಡತಿ ಬಾಯವ್ವ ಒಂದು ವರ್ಷ ಸಹಿಸಿದಳು. “ನೆಲಾನ ನಂಬದ ಗಂಡಸಿನ ಕೂಡ ಹೆಂಗ ಬಾಳ್ವೆ ಮಾಡ್ಲಿ?” ಎಂದು ತವರಿಗೆ ಹೋದವಳು ತಿರುಗಿ ಬರಲಿಲ್ಲ. ಅವಳದು ತಪ್ಪೆನ್ನಲು ಯಾರಿಗೂ ಬಾಯಿ ಬರಲಿಲ್ಲ.

ಮುನವಳ್ಳಿ ದಾಟಿ, ಸವದತ್ತಿ ದಾಟಿ, ಹೂಲಿಯ ಆಚೆ ಬಸ್ಸು ಅವರನ್ನು ಇಳಿಸಿ ಧೂಳೆಬ್ಬಿಸಿ ಹೋಯಿತು. ರಸ್ತೆಯಿಂದ ಹಳೇಮಡ್ಡಿಗೆ ಎರಡು ಮೈಲಿ ಹೊಲದ ಹಾದಿ. ಜೋಳ ಕೊಯ್ದ ಎರೆ ಬಿಸಿಲಿಗೆ ಬಿರಿದಿತ್ತು. ದೂರದಲ್ಲಿ ನವಿಲುತೀರ್ಥದ ಕಾಲುವೆಗಾಗಿ ಬಂಡೆ ಒಡೆಯುವ ಸಪ್ಪಳ ಆಗಾಗ ಬರುತ್ತಿತ್ತು, ಪ್ರತಿ ಸಲವೂ ಶಂಕ್ರೆಪ್ಪನ ಬೆನ್ನು ಸೆಟೆಯುತ್ತಿತ್ತು. ರೂಬಿ ಮಾತ್ರ ಮೂಗು ನೆಲಕ್ಕೆ ಹಚ್ಚಿ, ಹಿಂಗಾಲು ಎಳೆಯುತ್ತ, ಹತ್ತು ಹೆಜ್ಜೆಗೊಮ್ಮೆ ನಿಂತು ತಿರುಗಿ ನೋಡುತ್ತ ನಡೆಯಿತು. ಶಂಕ್ರೆಪ್ಪ ಅದರ ಒಂದೊಂದು ಹೆಜ್ಜೆಯ ಮೇಲೂ ತನ್ನ ಬೂಟು ಇಟ್ಟು ನಡೆದ. ಎರಡು ಮೈಲಿಗೆ ಎರಡು ತಾಸು ಹಿಡಿಯಿತು. ಬಾಯಲ್ಲಿ ಒಂದೇ ಮಾತನ್ನು ತಿರುವುತ್ತಿದ್ದ: “ಯವ್ವಾ, ನಾಯಿ ಕುಂತಿತ್ತು. ನಾನ ಬಾ ಅಂದ್ನಿ.”

ಲಗಮವ್ವ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಒಳಗಿನ ಗೋಡೆಯಲ್ಲಿ ಬಾಬಾಸಾಹೇಬರ ಪಟ, ಅದರ ಪಕ್ಕದಲ್ಲಿ ಸಮವಸ್ತ್ರದ ಪರಪ್ಪ.

“ನಾ ಹೊಂಗಲದ ಶಂಕ್ರೆಪ್ಪರೀ ಯವ್ವಾ. ಪರಪ್ಪನ ಕೂಡ ಇದ್ನಿ.”

ಅವಳು ಮೊರ ಕೆಳಗಿಟ್ಟಳು. ಅವನ ಮುಖ ನೋಡಲಿಲ್ಲ. “ಇದ ಏನು, ಆ ನಾಯಿ?”

“ಹೂಂ ರೀ.”

ಕಲ್ಲು ಎತ್ತಿಕೊಳ್ಳುತ್ತಾಳೆ ಎಂದುಕೊಂಡ. ಅವಳು ಎದ್ದು ಒಳಗೆ ಹೋಗಿ ಕಾಲಿಗೆ ಒಂದು ಚರಗಿ ನೀರು ತಂದುಕೊಟ್ಟಳು. ಆಮೇಲೆ ಒಡಕು ಮಡಕೆಯಲ್ಲಿ ನಾಯಿಗೂ ಸುರಿದಳು.

“ನಾನೂ ಭಾಳ ದಿನ ಇದಕ್ಕ ಶಾಪ ಹಾಕಿದ್ನಿ,” ಎಂದಳು, ರೂಬಿ ನೀರು ಕುಡಿಯುವುದನ್ನೇ ನೋಡುತ್ತ. “ಆಮ್ಯಾಗ ಅನಸ್ತು, ಮನಷ್ಯಾರಿಗೆ ಕಣ್ಣ ಹೋಗತಾವು, ಪಾಪ, ಇದಕ್ಕ ಮೂಗ ಹೋಗಿರಬೇಕು ಅಂತ. ಮೂಕ ಪ್ರಾಣೀನ ಬೈದು ಏನ ಬರತೈತಿ?”

ಹೇಳುವುದಾದರೆ ಅದೇ ಹೊತ್ತು. ಶಂಕ್ರೆಪ್ಪ ಬಾಯಿ ತೆರೆದ. “ಯವ್ವಾ—”

“ತಡಿ, ಪರಪ್ಪ ಹೋದಾಗ ನೀ ಬರದ ಪತ್ರ ತೋರಸ್ತೇನಿ.” ಟ್ರಂಕಿನಿಂದ ಅವಳು ತಂದ ಕಾಗದ ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾಗಿತ್ತು. ತುಂಡುಗಳನ್ನು ಕಟ್ಟೆಯ ಮೇಲೆ ಜೋಡಿಸಿ, ತಲೆಕೆಳಗಾದ ಅಕ್ಷರಗಳ ಮೇಲೆ ಬೆರಳಾಡಿಸುತ್ತ, ಸಾಲೆಯ ಮಾಸ್ತರರ ಬಾಯಿಂದ ಕೇಳಿ ಕೇಳಿ ಬಂದಂತೆ ಒಪ್ಪಿಸಿದಳು. “ನಾಯಿಗೆ ವಾಸನೆ ಹತ್ತಲಿಲ್ಲ. ಪರಪ್ಪನು ನನ್ನ ತೊಡೆಯ ಮೇಲೆ ತಲೆಯಿಟ್ಟು, ಕಣ್ಣು ಮುಚ್ಚುವಾಗ ನಿಮ್ಮ ಹೆಸರು ತೆಗೆದುಕೊಂಡನು.” ಬೆರಳು ಅಲ್ಲೇ ನಿಂತಿತು. “ಇದೊಂದ ಮಾತಿನ ಮ್ಯಾಲ ಜೀವ ಹಿಡದೇನಿ ನೋಡಪಾ.”

ಪರಪ್ಪನಿಗೆ ಹೆಸರು ತೆಗೆದುಕೊಳ್ಳುವಷ್ಟು ಹೊತ್ತೇ ಸಿಕ್ಕಿರಲಿಲ್ಲ. ತೊಡೆಯ ಮೇಲೆ ಇಡಲು ತಲೆಯೂ ಉಳಿದಿರಲಿಲ್ಲ. ಶಂಕ್ರೆಪ್ಪ ತೆರೆದ ಬಾಯಿ ಮುಚ್ಚಿದ. ಈ ಮುದುಕಿಯ ಕೈಯಿಂದ ಇದನ್ನು ಕಿತ್ತುಕೊಂಡು ನನಗೆ ಏನಾಗಬೇಕು ಎಂದುಕೊಂಡ. ಹಾಗೆ ಅಂದುಕೊಂಡಾಗ ಅವನಿಗೆ ಹಾಯೆನಿಸಿತು, ಹಾಯೆನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ನಾಲ್ಕು ವರ್ಷದಿಂದ ಅವನ ಸಂಸಾರವೆಲ್ಲ ಈ ಎರಡರ ನಡುವೆಯೇ ನಡೆದಿತ್ತು.

ಅಷ್ಟರಲ್ಲಿ ಪರಪ್ಪನ ತಮ್ಮ ಶಟ್ಟೆಪ್ಪ ಕಾಲುವೆ ಕೆಲಸದಿಂದ ಊಟಕ್ಕೆ ಬಂದ. ತಲೆಯಿಂದ ಕಾಲವರೆಗೆ ಕಲ್ಲಿನ ಹುಡಿ. ಹೆಗಲ ಮೇಲಿದ್ದ ಅಂಗಿಯನ್ನು ಕೊಡವಿ ಗೂಟಕ್ಕೆ ಹಾಕಿದ.

ರೂಬಿ ತಲೆ ಎತ್ತಿತು. ಎದ್ದಿತು. ನಡುಗುವ ಹಿಂಗಾಲಿನಲ್ಲೇ ಕಲ್ಲುಹಾಸಿನ ಅಂಗಳ ದಾಟಿ ಹೋಗಿ, ಅಂಗಿಯ ತುದಿಯನ್ನು ಒಮ್ಮೆ ಮೂಸಿ, ಅದರ ಮುಂದೆ ಕೂತುಬಿಟ್ಟಿತು. ಬೆನ್ನು ನೆಟ್ಟಗೆ, ಕಿವಿ ನಿಮಿರಿ. ಕಣ್ಣು ಮಾತ್ರ ಶಂಕ್ರೆಪ್ಪನ ಮೇಲೆ.

“ಇದ್ಯಾಕ ಹಿಂಗ ಕುಂತೈತಿ?” ಎಂದು ಶಟ್ಟೆಪ್ಪ ನಕ್ಕ.

ಶಂಕ್ರೆಪ್ಪ ಓಡಿಹೋಗಿ ಹಗ್ಗ ಜಗ್ಗಿದ. ನಾಯಿ ಏಳಲಿಲ್ಲ. ಇನ್ನೊಮ್ಮೆ ಜಗ್ಗಿದ. “ದಣದೈತಿ,” ಎಂದಿತು ಅವನ ಬಾಯಿ, ಅವನನ್ನು ಕೇಳದೆಯೇ. “ದಣದೈತಿ, ಅದಕ್ಕ ಕುಂತೈತಿ.”

ಅಂದ ಮಾತು ಅವನ ಕಿವಿಗೇ ಬಿತ್ತು. ಅದೇ ಹಗ್ಗ, ಅದೇ ಕೈ, ಅಕ್ಷರ ಬಿಡದೆ ಅದೇ ಮಾತು. ಅವನ ಕೈ ತಾನಾಗಿ ಸಡಿಲಾಯಿತು.

“ದಣಿದಿದ್ರ ನೆರಳಾಗ ಕುಂದರತಿತ್ತು, ಬಿಸಲಾಗ ಯಾಕ ಕುಂದರತೈತಿ?” ಎಂದ ಶಟ್ಟೆಪ್ಪ. “ನಾ ಬಂಡೆಗಲ್ಲಿಗೆ ಮದ್ದ ತುಂಬೂ ಕೆಲಸ ಮಾಡ್ತೇನಿ. ಅಂಗೀಗೆಲ್ಲ ಅದ ವಾಸನಿ. ಇದಕ್ಕ ಮೂಗ ಸತ್ತೈತಿ ಅಂದಿದ್ರಲ್ಲ?”

ಶಂಕ್ರೆಪ್ಪ ಮಂಡಿಯೂರಿ ಕೂತ. ನಾಯಿಯ ತಲೆಯ ಮೇಲೆ ಕೈಯಿಟ್ಟು, “ಶಾಬಾಶ್,” ಎಂದ. ನಾಲ್ಕು ವರ್ಷದ ಹಿಂದೆ ಸಲ್ಲಬೇಕಾಗಿದ್ದ ಮಾತು. ರೂಬಿ ಬಾಲ ಒಮ್ಮೆ ನೆಲಕ್ಕೆ ಬಡಿದು, ಬಿಸ್ಕೀಟಿಗಾಗಿ ಅವನ ಖಾಲಿ ಅಂಗೈ ಮೂಸಿತು.

“ಅವತ್ತೂ ಕುಂತಿತ್ತೇನು?” ಲಗಮವ್ವನ ದನಿ ಕಟ್ಟೆಯಿಂದ ಬಂತು.

“ಕುಂತಿತ್ತು ಯವ್ವಾ. ನಾನ ಎಬ್ಬಿಸಿದ್ನಿ. ಪರಪ್ಪಗ ಬಾ ಅಂದ್ನಿ.”

ಶಟ್ಟೆಪ್ಪ ನುಗ್ಗಿ ಬಂದು ಅವನ ಕೊರಳಪಟ್ಟಿ ಹಿಡಿದೆತ್ತಿದ. ಶಂಕ್ರೆಪ್ಪ ಕೈ ಅಡ್ಡ ಹಿಡಿಯಲಿಲ್ಲ. ಹೊಡೆಯಲಿ ಎಂದು ಕಣ್ಣು ಮುಚ್ಚಿದ. ನಾಲ್ಕು ವರ್ಷದಿಂದ ಕಾದಿದ್ದು ಇದಕ್ಕೇ ಏನೋ.

“ಬಿಡೋ,” ಎಂದಳು ಲಗಮವ್ವ. “ಹೊಡದ್ರ ಅಂವಗ ಹಗರ ಆಗತೈತಿ.”

ಅವಳು ಕಾಗದದ ತುಂಡುಗಳನ್ನು ಒಂದೊಂದಾಗಿ ಒಟ್ಟು ಮಾಡಿದಳು. ಕಡೆಯ ತುಂಡು ಕೈಯಲ್ಲಿರುವಾಗ ಕೇಳಿದಳು. “ನನ್ನ ಹೆಸರ ತಗೊಂಡಾ ಅಂತ ಬರದಿದ್ದಿ. ಅದು?”

ಇಲ್ಲಿ ಒಂದು ಸುಳ್ಳು ಪುಣ್ಯದ ಕೆಲಸವಾಗುತ್ತಿತ್ತು. ಅದು ಅವನಿಗೂ ಗೊತ್ತಿತ್ತು. ಆದರೆ ಇದ್ದ ಸುಳ್ಳನ್ನೆಲ್ಲ ಅವನು ತನಗಾಗಿಯೇ ಖರ್ಚು ಮಾಡಿಬಿಟ್ಟಿದ್ದ. ತಲೆ ತಗ್ಗಿಸಿ ನಿಂತ. ಅವಳಿಗೆ ಅಷ್ಟು ಸಾಕಾಯಿತು.

ಲಗಮವ್ವ ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಅಂಚು ನೆಗ್ಗಿದ ಹಿತ್ತಾಳೆಯ ಗಂಗಾಳವಿತ್ತು, ಅದರೊಳಗೆ ಹಾಲಿನಲ್ಲಿ ಮುರಿದು ಹಾಕಿದ ರೊಟ್ಟಿ. ಶಟ್ಟೆಪ್ಪ, “ಯವ್ವಾ, ಅದು ಅಣ್ಣನ ಗಂಗಾಳ,” ಎಂದ. ಅವಳು ಕೇಳಿಸಿಕೊಳ್ಳದೆ ಅದನ್ನು ರೂಬಿಯ ಮುಂದಿಟ್ಟು, ತಾನೂ ನೆಲಕ್ಕೆ ಕೂತಳು. ಅದರ ಕೊರಳಿನ ಹಗ್ಗ ಬಿಚ್ಚಿ ಶಂಕ್ರೆಪ್ಪನ ಕಾಲ ಬಳಿ ಎಸೆದಳು.

“ಇದು ಇಲ್ಲೇ ಇರ್ಲಿ. ನನ್ನ ಮಗಗ ಕಡೀಕ ಖರೇ ಹೇಳಿದ್ದು ಇದೊಂದ.”

ಇದಿಲ್ಲದೆ ನನಗೆ ನಡೆಯಲು ಬರುವುದಿಲ್ಲ ಯವ್ವಾ ಎಂದು ಹೇಳಬಹುದಿತ್ತು. ಯಾವ ಬಾಯಿಂದ ಹೇಳುವುದು? ಅವಳ ಮಗ ನಡೆದದ್ದು ಇವನ ಮಾತು ನಂಬಿ. ರೂಬಿ ಗಂಗಾಳದಿಂದ ತಲೆಯೆತ್ತಿ ಒಮ್ಮೆ ಅವನತ್ತ ನೋಡಿತು. ಅವನು “ಬಾ” ಎನ್ನಲಿಲ್ಲ. ಅದು ಮತ್ತೆ ಹಾಲಿಗೆ ಬಾಯಿ ಹಾಕಿತು.

ಸತ್ತವರ ಮನೆಗೆ ಮಾತಾಡಿಸಲು ಬಂದವರು ಹೊರಡುವಾಗ ಬರ್ತೇನಿ ಎನ್ನಬಾರದು. ಆ ರಿವಾಜು ಅವತ್ತು ಶಂಕ್ರೆಪ್ಪನಿಗೆ ಒದಗಿಬಂತು. ಹಗ್ಗ ಎತ್ತಿಕೊಂಡು, ಏನೂ ಹೇಳದೆ ಹೊರಬಿದ್ದ.

ಓಣಿಯುದ್ದಕ್ಕೂ ಕಲ್ಲುಹಾಸು. ಅದು ಮುಗಿಯುವಲ್ಲಿಗೆ ಊರೂ ಮುಗಿದು, ಹೊಲದ ಹಾದಿ ಮೊದಲಾಗುತ್ತಿತ್ತು. ಕೊನೆಯ ಕಲ್ಲಿನ ಮೇಲೆ ಅವನು ನಿಂತ. ಹೊತ್ತು ಇನ್ನೂ ನೆತ್ತಿಯಿಂದ ಅಷ್ಟೇನೂ ಇಳಿದಿರಲಿಲ್ಲ. ರಸ್ತೆ ಎರಡು ಮೈಲಿ ಆಚೆ, ಬಿಸಿಲುಗುದುರೆಯಲ್ಲಿ ಕಂಡೂ ಕಾಣದಂತಿತ್ತು. ಬರುವಾಗ ರೂಬಿ ಊರಿದ ಹೆಜ್ಜೆ ಎಲ್ಲಿವೆ ಎಂದು ಬಾಗಿ ಹುಡುಕಿದ. ಧೂಳಿನಲ್ಲಿ ಅದರದೊಂದೂ ಇರಲಿಲ್ಲ. ಒಂದೊಂದರ ಮೇಲೂ ಅವನೇ ಬೂಟು ಇಟ್ಟು ಅಳಿಸಿಕೊಂಡು ಬಂದಿದ್ದ. ಇದ್ದವೆಲ್ಲ ಅವನವೇ ಹೆಜ್ಜೆ, ಅವನ್ನು ಅವನು ನಂಬುವುದು ಹೇಗೆ?

ಕಾಲುವೆಯ ಕಡೆಯಿಂದ ಬಂಡೆ ಸಿಡಿದ ಸದ್ದು ಬಂತು. ಶಂಕ್ರೆಪ್ಪ ಖಾಲಿ ಹಗ್ಗವನ್ನು ಮುಂದಕ್ಕೆ ಚಾಚಿ ಹಿಡಿದ. ಬಲಗಾಲನ್ನು ಕಲ್ಲಿನಿಂದ ಎತ್ತಿದ. ಎತ್ತಿದ ಕಾಲನ್ನು ಎಲ್ಲಿ ಊರಬೇಕೆಂದು ತಿಳಿಯದೆ ಹಾಗೇ ನಿಂತ.